ಮರದ ಆರೋಗ್ಯಕ್ಕೆ ಮಣ್ಣೇ ಮೂಲ: ಭದ್ರಾವತಿಯ ನೆಡುತೋಪುಗಳು ಕಲಿಸುವ ಪಾಠ

ಭದ್ರಾವತಿ: ಕಬ್ಬಿಣ ಮತ್ತು ಕಾಗದ ಎಂಬ ಎರಡು ಉದ್ದಿಮೆಗಳಿಂದ ನಾಡಿಗೆಲ್ಲ ಪರಿಚಿತವಾದ ಊರು ಭದ್ರಾವತಿ. ಈ ಎರಡೂ ಉದ್ದಿಮೆಗಳ ಬೆನ್ನಿಗೆ ನಿಂತದ್ದು ಮರ. ಕುಲುಮೆಗೆ ಇದ್ದಿಲು ಬೇಕಿತ್ತು, ಕಾಗದಕ್ಕೆ ತಿರುಳು ಬೇಕಿತ್ತು. ಇವನ್ನು ಒದಗಿಸಿದ್ದು ಸುತ್ತಲಿನ ಮಲೆನಾಡಿನ ಕಾಡು ಹಾಗೂ ಆ ನೆಲದಲ್ಲಿ ಮುಂದೆ ಬೆಳೆಸಲಾದ ನೆಡುತೋಪುಗಳು.

ಮೈಸೂರು ಕಾಗದ ಕಾರ್ಖಾನೆಯ (ಎಂಪಿಎಂ) ಯಂತ್ರಗಳು 2015ರಲ್ಲಿ ನಿಂತವು. ಆದರೆ ಅದಕ್ಕಾಗಿ ಮೀಸಲಿಟ್ಟ ಸಾವಿರಾರು ಹೆಕ್ಟೇರ್ ಭೂಮಿಯ ಪ್ರಶ್ನೆ ನಿಲ್ಲಲಿಲ್ಲ. ಅಲ್ಲಿ ಅಕೇಶಿಯಾ ಇರಬೇಕೇ, ಬೇಡವೇ ಎಂಬ ವಾದ ಬೀದಿಗೂ ಬಂದಿತು, ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಈ ವಾದದಲ್ಲಿ ಮರದ ಹೆಸರು ಕೇಳಿಬಂದಷ್ಟು ಮಣ್ಣಿನ ಹೆಸರು ಕೇಳಿಬರಲಿಲ್ಲ. ಮರ ಯಾವುದೇ ಇರಲಿ, ಅದು ಬೆಳೆಯುತ್ತದೆಯೋ ಸೊರಗುತ್ತದೆಯೋ, ರೋಗಕ್ಕೆ ತುತ್ತಾಗುತ್ತದೆಯೋ ಇಲ್ಲವೋ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುವುದು ಅದರ ಕೆಳಗಿನ ನೆಲ. ಅದನ್ನು ಅಧ್ಯಯನ ಮಾಡುವ ಶಾಸ್ತ್ರವೇ ಅರಣ್ಯ ಮಣ್ಣು ವಿಜ್ಞಾನ. ಅರಣ್ಯ ಮಹಾವಿದ್ಯಾಲಯಗಳಲ್ಲಿ ಮರಗಳ ಪೋಷಣೆ, ಆರೋಗ್ಯಗಳ ಜತೆಗೇ ಕಲಿಸಲಾಗುವ ಈ ವಿಷಯ ಹೊರಗಿನವರ ಕಿವಿಗೆ ಬೀಳುವುದು ಅಪರೂಪ.

ಕುಲುಮೆಯಿಂದ ಕಾಗದದವರೆಗೆ

ಭದ್ರಾವತಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಬಾಬಾಬುಡನ್‌ಗಿರಿ ಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ ಅದಿರು ಬರುತ್ತಿತ್ತು. ಆದರೆ ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹೀಗಾಗಿ ಸರ್ ಎಂ. ವಿಶ್ವೇಶ್ವರಯ್ಯನವರ ಈ ಯೋಜನೆ ಕಟ್ಟಿಗೆಯ ಇದ್ದಿಲನ್ನೇ ನೆಚ್ಚಿಕೊಂಡಿತು. ಕಟ್ಟಿಗೆಯನ್ನು ಬಟ್ಟಿ ಇಳಿಸಿ ಇದ್ದಿಲಿನೊಂದಿಗೆ ಟಾರು, ಮದ್ಯಸಾರ ಮೊದಲಾದ ಉಪೋತ್ಪನ್ನಗಳನ್ನು ಪಡೆಯುವ ಘಟಕವೂ ಇಲ್ಲಿತ್ತು. ಕಾಡಿನೊಳಕ್ಕೆ ಹಾಸಿದ ಟ್ರಾಂ ಹಳಿಗಳ ಮೇಲೆ ಕಟ್ಟಿಗೆ ಬರುತ್ತಿತ್ತು. ವಿದ್ಯುತ್ ಕುಲುಮೆಗಳು ಬಂದದ್ದು ಅನಂತರದ ದಶಕಗಳಲ್ಲಿ.

ಕಾಗದ ಕಾರ್ಖಾನೆ ಸ್ಥಾಪನೆಯಾದದ್ದು 1936ರಲ್ಲಿ. 1977ರಲ್ಲಿ ಅದು ಸರ್ಕಾರಿ ಕಂಪನಿಯಾಯಿತು. 1981ರಲ್ಲಿ ಪತ್ರಿಕಾ ಕಾಗದದ ತಯಾರಿಕೆಯೂ ಆರಂಭವಾಯಿತು. ಹೆಚ್ಚುವ ತಿರುಳಿನ ಅಗತ್ಯಕ್ಕೆಂದು 1980ರಲ್ಲಿ ಸರ್ಕಾರವು ಸುಮಾರು 30,000 ಹೆಕ್ಟೇರ್ ಅರಣ್ಯ ಭೂಮಿಯನ್ನು 40 ವರ್ಷಗಳ ಅವಧಿಗೆ ಕಾರ್ಖಾನೆಗೆ ಗುತ್ತಿಗೆ ನೀಡಿತು. ಅಲ್ಲಿ ನೀಲಗಿರಿ, ಅಕೇಶಿಯಾ ತೋಪುಗಳು ಎದ್ದವು. 2020ರಲ್ಲಿ ಗುತ್ತಿಗೆಯ ಅವಧಿ ಮುಗಿದಾಗ ಸುಮಾರು 20,000 ಹೆಕ್ಟೇರನ್ನು ಮತ್ತೆ 40 ವರ್ಷ ಮುಂದುವರಿಸಲು ಸರ್ಕಾರ ಆದೇಶಿಸಿತು. ಕಾರ್ಖಾನೆಯೇ ನಿಂತಿರುವಾಗ ನೆಡುತೋಪು ಯಾರಿಗಾಗಿ ಎಂಬ ಪ್ರಶ್ನೆ ಎದ್ದಿತು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಘೋಷಣೆಯೊಂದಿಗೆ ಶಿವಮೊಗ್ಗ ಜಿಲ್ಲೆಯಲ್ಲಿ ಹೋರಾಟ ರೂಪುಗೊಂಡದ್ದು ಈ ಹಿನ್ನೆಲೆಯಲ್ಲಿಯೇ.

ಕಾಡಿನ ಮಣ್ಣು ಹೊಲದ ಮಣ್ಣಲ್ಲ

ಹೊಲದ ಮಣ್ಣಿಗೆ ರೈತ ಪ್ರತಿವರ್ಷ ಗೊಬ್ಬರ ಹಾಕುತ್ತಾನೆ. ಕಾಡಿಗೆ ಯಾರೂ ಗೊಬ್ಬರ ಹಾಕುವುದಿಲ್ಲ. ಆದರೂ ಕಾಡು ಶತಮಾನಗಳ ಕಾಲ ಹಸಿರಾಗಿಯೇ ಇರುತ್ತದೆ. ಇದರ ಗುಟ್ಟು ಪೋಷಕಾಂಶಗಳ ಮರುಬಳಕೆಯಲ್ಲಿದೆ. ಉದುರಿದ ಎಲೆ, ರೆಂಬೆ, ಹೂವು, ಕಾಯಿಗಳನ್ನು ಗೆದ್ದಲು, ಎರೆಹುಳು, ಶಿಲೀಂಧ್ರ, ಸೂಕ್ಷ್ಮಜೀವಿಗಳು ಕೊಳೆಯಿಸುತ್ತವೆ. ಅದರಿಂದ ಬಿಡುಗಡೆಯಾದ ಸಾರಜನಕ, ರಂಜಕ, ಪೊಟ್ಯಾಷ್, ಸುಣ್ಣದ ಅಂಶಗಳನ್ನು ಬೇರುಗಳು ಮತ್ತೆ ಹೀರಿಕೊಳ್ಳುತ್ತವೆ.

ಮರದ ಬೇರು ಆಳಕ್ಕೆ ಇಳಿಯುವುದು ನಿಜ. ಆದರೆ ಆಹಾರ ಹೀರುವ ಕೂದಲಿನಷ್ಟು ಸಪೂರ ಬೇರುಗಳಲ್ಲಿ ಹೆಚ್ಚಿನವು ಇರುವುದು ಮೇಲಿನ ಒಂದು ಅಡಿ ಮಣ್ಣಿನಲ್ಲಿ. ಈ ಬೇರುಗಳ ಜತೆ ಬೇರುಶಿಲೀಂಧ್ರಗಳು ಹೊಂದಿಕೊಂಡು ಬದುಕುತ್ತವೆ. ಮರ ಅವುಗಳಿಗೆ ಸಕ್ಕರೆ ಕೊಡುತ್ತದೆ. ಶಿಲೀಂಧ್ರದ ಎಳೆಗಳು ಬೇರು ತಲುಪಲಾರದ ಕಡೆಯಿಂದ ರಂಜಕವನ್ನು ತಂದುಕೊಡುತ್ತವೆ. ಮೇಲ್ಮಣ್ಣು ಕೊಚ್ಚಿಹೋದರೆ ಮರ ಕಳೆದುಕೊಳ್ಳುವುದು ಬರಿ ಮಣ್ಣನ್ನಲ್ಲ, ಈ ಇಡೀ ವ್ಯವಸ್ಥೆಯನ್ನು.

ಮಲೆನಾಡಿನಲ್ಲಿ ಈ ಅಪಾಯ ಹೆಚ್ಚು. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಅಧಿಕ ಮಳೆ ಸುರಿದರೆ, ಶಿವಮೊಗ್ಗ ನಗರ ಮತ್ತು ಭದ್ರಾವತಿಯ ಭಾಗದಲ್ಲಿ ಅದು ಸಾವಿರ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಮಳೆ ಹೆಚ್ಚಿದಂತೆಲ್ಲ ಸುಣ್ಣ, ಪೊಟ್ಯಾಷ್ ಮೊದಲಾದವು ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಯುತ್ತವೆ. ಮಣ್ಣು ಕೆಂಪಾಗುತ್ತದೆ, ಹುಳಿಯಾಗುತ್ತದೆ. ಇಂಥ ಮಣ್ಣಿನಲ್ಲಿ ರಂಜಕ ಇದ್ದರೂ ಅದು ಕಬ್ಬಿಣದೊಂದಿಗೆ ಗಟ್ಟಿಯಾಗಿ ಬೆಸೆದುಕೊಂಡು ಬೇರಿಗೆ ದಕ್ಕುವುದಿಲ್ಲ. ಈ ಕ್ರಿಯೆಯ ಕೊನೆಯ ಹಂತವೇ ಮಲೆನಾಡು ಮತ್ತು ಕರಾವಳಿಯಲ್ಲಿ ಮನೆ ಕಟ್ಟಲು ಬಳಸುವ ಜಂಬಿಟ್ಟಿಗೆ. 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರ್‌ಗಳಲ್ಲಿ ಸಂಚರಿಸಿ ನಗರ, ಇಕ್ಕೇರಿಗಳನ್ನೂ ಕಂಡುಹೋದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟಿಸಿದ ತನ್ನ ಪ್ರವಾಸ ಕಥನದಲ್ಲಿ ಇದಕ್ಕೆ ಕೊಟ್ಟ ‘ಲ್ಯಾಟರೈಟ್’ ಎಂಬ ಹೆಸರು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ತರಗೆಲೆಯ ಲೆಕ್ಕ ಇಟ್ಟ ಪ್ರಾಧ್ಯಾಪಕ

ಕಾಡಿನ ಮಣ್ಣನ್ನು ಶಾಸ್ತ್ರೀಯವಾಗಿ ನೋಡುವ ಪರಿಪಾಠಕ್ಕೆ ಭದ್ರ ಬುನಾದಿ ಹಾಕಿದವರಲ್ಲಿ ಜರ್ಮನಿಯ ಅರಣ್ಯಶಾಸ್ತ್ರ ಪ್ರಾಧ್ಯಾಪಕ ಅರ್ನ್ಸ್ಟ್ ಎಬರ್‌ಮಾಯರ್ (1829-1908) ಪ್ರಮುಖರು. ಬವೇರಿಯಾದ ರೈತರು ಆಗ ಕಾಡಿನ ತರಗೆಲೆಯನ್ನು ಗುಡಿಸಿ ತಂದು ದನದ ಕೊಟ್ಟಿಗೆಗೆ ಹಾಸುತ್ತಿದ್ದರು. ಅದು ಸಗಣಿಯೊಂದಿಗೆ ಬೆರೆತು ಗೊಬ್ಬರವಾಗಿ ಹೊಲ ಸೇರುತ್ತಿತ್ತು. ಹೊಲ ಸೊಂಪಾಗುತ್ತಿತ್ತು, ಕಾಡು ಮಾತ್ರ ವರ್ಷದಿಂದ ವರ್ಷಕ್ಕೆ ಬಡವಾಗುತ್ತಿತ್ತು. ಎಬರ್‌ಮಾಯರ್ ಬೇರೆ ಬೇರೆ ಕಾಡುಗಳ ತರಗೆಲೆಯನ್ನು ತೂಗಿ, ಸುಟ್ಟು, ಬೂದಿಯನ್ನು ವಿಶ್ಲೇಷಿಸಿ 1876ರಲ್ಲಿ ಫಲಿತಾಂಶಗಳನ್ನು ಪುಸ್ತಕ ರೂಪದಲ್ಲಿ ಹೊರತಂದರು. ಮರದ ದಿಮ್ಮಿಗೆ ಹೋಲಿಸಿದರೆ ಎಲೆಯಲ್ಲಿ ಪೋಷಕಾಂಶಗಳ ಸಾಂದ್ರತೆ ಬಹಳ ಹೆಚ್ಚು. ಆದ್ದರಿಂದ ದಿಮ್ಮಿ ಸಾಗಿಸುವುದಕ್ಕಿಂತ ತರಗೆಲೆ ಗುಡಿಸುವುದೇ ಕಾಡಿಗೆ ಹೆಚ್ಚು ಹಾನಿಕರವಾಗಬಹುದು ಎಂಬುದು ಅವರ ಅಧ್ಯಯನದ ತಿರುಳು.

ಮಲೆನಾಡಿನ ಓದುಗರಿಗೆ ಈ ಕಥೆ ಹೊಸದೆನಿಸಲಾರದು. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ತೋಟಗಳ ಹಿಂದೆ ಸೊಪ್ಪಿನ ಬೆಟ್ಟಗಳಿವೆ. ಅಲ್ಲಿನ ಸೊಪ್ಪು, ದರಗು ಕೊಟ್ಟಿಗೆಯ ಮೂಲಕ ತೋಟ ಸೇರುತ್ತವೆ. ಪಕ್ಕದ ಉತ್ತರ ಕನ್ನಡದ ಘಟ್ಟದ ಮೇಲಿನ ಭಾಗದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟದ ಸೌಲಭ್ಯ ನೀಡಿದ್ದುಂಟು. ಒಂದು ಎಕರೆ ತೋಟದ ಹಸಿವು ತಣಿಸಲು ಎಷ್ಟು ಕಾಡು ಬೇಕು ಎಂಬ ಲೆಕ್ಕ ಇದರಲ್ಲಿಯೇ ಅಡಗಿದೆ. ಸರದಿಯಂತೆ ಸೊಪ್ಪು ಕೊಯ್ದು, ಬೆಟ್ಟಕ್ಕೆ ಬಿಡುವು ಕೊಟ್ಟ ಕಡೆ ಅದು ಉಳಿದಿದೆ. ಬಿಡುವಿಲ್ಲದೆ ಕೊಯ್ದ ಕಡೆ ಕರಡದ ಹುಲ್ಲು ಮತ್ತು ಜಂಬಿಟ್ಟಿಗೆಯ ನೆಲ ಉಳಿದಿದೆ.

ನೀಲಗಿರಿ ನೀರು ಕುಡಿಯುತ್ತದೆಯೇ? ಪುರದಾಳಿನ ಉತ್ತರ

ನೀಲಗಿರಿ ಕರ್ನಾಟಕಕ್ಕೆ ಹೊಸ ಮರವಲ್ಲ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ ಅದು ನಂದಿಬೆಟ್ಟಕ್ಕೆ ಬಂದಿತೆಂಬುದು ಪ್ರಚಲಿತ. ಅಲ್ಲಿನ ಬೀಜದಿಂದ ಬೆಳೆದ ತಳಿ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದಾದ್ಯಂತ ಹರಡಿತು. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯಡಿ ಅದನ್ನು ಭಾರಿ ಪ್ರಮಾಣದಲ್ಲಿ ನೆಟ್ಟಾಗ, ನೀಲಗಿರಿ ನೆಲದ ನೀರನ್ನೆಲ್ಲ ಹೀರುತ್ತದೆ ಎಂಬ ಆರೋಪ ಎದ್ದಿತು. ರೈತ ಚಳವಳಿಯ ಕಾರ್ಯಕರ್ತರು ನರ್ಸರಿಗಳಿಂದ ಸಸಿ ಕಿತ್ತ ಪ್ರಸಂಗಗಳೂ ನಡೆದವು.

ಈ ವಾದಕ್ಕೆ ಅಳತೆಯ ಮೂಲಕ ಉತ್ತರ ಹುಡುಕುವ ಯತ್ನವೊಂದು ಶಿವಮೊಗ್ಗದ ಬಳಿಯೇ ನಡೆಯಿತು. ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆ, ಆಕ್ಸ್‌ಫರ್ಡ್ ಅರಣ್ಯ ಸಂಸ್ಥೆ, ಕರ್ನಾಟಕ ಅರಣ್ಯ ಇಲಾಖೆ ಹಾಗೂ ಮೈಸೂರು ಕಾಗದ ಕಾರ್ಖಾನೆಗಳ ಸಹಯೋಗದಲ್ಲಿ 1980ರ ದಶಕದ ಕೊನೆಯಿಂದ ಕೆಲವು ವರ್ಷ ಅಧ್ಯಯನ ನಡೆಯಿತು. ಶಿವಮೊಗ್ಗ ನಗರಕ್ಕೆ ಸಮೀಪದ ಪುರದಾಳು ಮತ್ತು ಬೆಂಗಳೂರು ಬಳಿಯ ಹೊಸಕೋಟೆ ಇದರ ಪ್ರಮುಖ ತಾಣಗಳು. ನ್ಯೂಟ್ರಾನ್ ಉಪಕರಣವನ್ನು ನೆಲದೊಳಗೆ ಇಳಿಸಿ ಯಾವ ಆಳದಲ್ಲಿ ಎಷ್ಟು ತೇವವಿದೆ ಎಂದು ಅಳೆಯಲಾಯಿತು. ಮರದೊಳಗೆ ಡ್ಯೂಟೀರಿಯಂ ಎಂಬ ಗುರುತುದ್ರವ್ಯ ಸೇರಿಸಿ ಅದು ದಿನಕ್ಕೆ ಎಷ್ಟು ನೀರು ಮೇಲೆತ್ತುತ್ತದೆ ಎಂದು ಲೆಕ್ಕ ಹಾಕಲಾಯಿತು. ಇಯಾನ್ ಕಾಲ್ಡರ್ ನೇತೃತ್ವದ ತಂಡ 1990ರ ದಶಕದ ಆರಂಭದಲ್ಲಿ ಫಲಿತಾಂಶಗಳನ್ನು ಪ್ರಕಟಿಸಿತು.

ಉತ್ತರ ಎರಡೂ ಪಕ್ಷಗಳನ್ನು ಪೂರ್ತಿ ತೃಪ್ತಿಪಡಿಸುವಂತಿರಲಿಲ್ಲ. ಶಿವಮೊಗ್ಗ ಭಾಗದ ತಾಣಗಳಲ್ಲಿ ಮಣ್ಣಿನ ಆಳ ಸುಮಾರು ಮೂರು ಮೀಟರ್. ಅಲ್ಲಿ ಎಳೆಯ ನೀಲಗಿರಿ ತೋಪು ಬಳಸಿದ ನೀರು ಪಕ್ಕದ ಸ್ಥಳೀಯ ಎಲೆ ಉದುರುವ ಕಾಡು ಬಳಸುವುದಕ್ಕಿಂತ ಹೆಚ್ಚಿರಲಿಲ್ಲ. ಆದರೆ ಹೊಸಕೋಟೆಯಲ್ಲಿ ಮಣ್ಣಿನ ಆಳ ಎಂಟು ಮೀಟರಿಗೂ ಹೆಚ್ಚು. ಅಲ್ಲಿ ಬೇರು ವರ್ಷ ವರ್ಷ ಕೆಳಗಿಳಿಯುತ್ತ, ಹಿಂದಿನ ವರ್ಷಗಳ ಸಂಗ್ರಹವನ್ನೂ ಹೀರುತ್ತ, ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಬಳಸಿತು. ರಾಗಿಯಂತಹ ಮಳೆಯಾಶ್ರಿತ ಬೆಳೆಗೆ ಹೋಲಿಸಿದರೆ ತೋಪಿನ ನೀರಿನ ಬಳಕೆ ಸುಮಾರು ಎರಡು ಪಟ್ಟು ಇತ್ತು. ಅಂದರೆ ಕುರುಚಲು ಕಾಡಿನ ಜಾಗದಲ್ಲಿ ನೆಟ್ಟ ನೀಲಗಿರಿ ಬೇರೆ, ರಾಗಿ ಹೊಲದಲ್ಲಿ ನೆಟ್ಟ ನೀಲಗಿರಿ ಬೇರೆ. ಮರ ಒಂದೇ ಆದರೂ ಮಣ್ಣು ಬೇರೆಯಾದಾಗ ಉತ್ತರವೂ ಬೇರೆಯಾಯಿತು.

ಮುಂದೆ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಬಯಲುಸೀಮೆಯ ಆಳಮಣ್ಣಿನ ಜಿಲ್ಲೆಗಳ ಮಟ್ಟಿಗೆ ಹೊಸಕೋಟೆಯ ಅಂಕಿಅಂಶಗಳು ಈ ನಿಲುವಿಗೆ ಬಲ ನೀಡುತ್ತವೆ.

ಲಾರಿಯಲ್ಲಿ ಹೋಗುವ ಪೋಷಕಾಂಶ

ನೀರಿನ ಲೆಕ್ಕದಂತೆಯೇ ಪೋಷಕಾಂಶದ ಲೆಕ್ಕವೂ ಇದೆ. ತಿರುಳಿನ ಮರವನ್ನು ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷಕ್ಕೊಮ್ಮೆ ಕಡಿಯಲಾಗುತ್ತದೆ. ನೂರಾರು ವರ್ಷ ಬಾಳುವ ತೇಗಕ್ಕೆ ಹೋಲಿಸಿದರೆ ಇದು ಬಹಳ ಅಲ್ಪ ಅವಧಿ. ಎಳೆಯ ಮರದಲ್ಲಿ ಚೇಗಿನ ಪಾಲು ಕಡಿಮೆ; ತೊಗಟೆ, ರೆಂಬೆ, ಎಲೆಗಳ ಪಾಲು ಹೆಚ್ಚು. ಪೋಷಕಾಂಶಗಳು ಸಾಂದ್ರವಾಗಿರುವುದು ಈ ಭಾಗಗಳಲ್ಲಿಯೇ. ನೀಲಗಿರಿಯ ತೊಗಟೆಯಲ್ಲಿ ಸುಣ್ಣದ ಅಂಶ ವಿಶೇಷವಾಗಿ ಹೆಚ್ಚಿರುತ್ತದೆ. ದಿಮ್ಮಿಯನ್ನು ತೊಗಟೆಯ ಸಮೇತ ಸಾಗಿಸಿ, ಸೊಪ್ಪುಸದೆಗಳನ್ನು ಸೌದೆಗೆ ಒಯ್ದು, ಉಳಿದದ್ದಕ್ಕೆ ಬೆಂಕಿ ಹಾಕಿದರೆ ಆ ಜಾಗದ ದಾಸ್ತಾನು ಪ್ರತಿ ಕಟಾವಿನಲ್ಲೂ ಕರಗುತ್ತದೆ. ಬೆಂಕಿಯಲ್ಲಿ ಸಾರಜನಕ ಹೊಗೆಯಾಗಿ ಹೋಗುತ್ತದೆ. ಬೂದಿಯಲ್ಲಿ ಉಳಿದ ಸುಣ್ಣ ಮತ್ತು ಪೊಟ್ಯಾಷ್ ಮುಂಗಾರಿನ ಮೊದಲ ಜಡಿಮಳೆಗೆ ಹಳ್ಳ ಸೇರುತ್ತವೆ.

1990ರ ದಶಕದ ಮಧ್ಯಭಾಗದಿಂದ ಇಂಡೋನೇಷ್ಯಾದ ಬೋಗೋರ್‌ನಲ್ಲಿರುವ ಅಂತಾರಾಷ್ಟ್ರೀಯ ಅರಣ್ಯ ಸಂಶೋಧನಾ ಕೇಂದ್ರ (ಸಿಫಾರ್) ಈ ಪ್ರಶ್ನೆಯನ್ನು ಹಲವು ದೇಶಗಳಲ್ಲಿ ಏಕಕಾಲಕ್ಕೆ ಪರೀಕ್ಷೆಗೊಡ್ಡಿತು. ನೆರೆಯ ಕೇರಳದ ನೀಲಗಿರಿ ತೋಪುಗಳೂ ಅದರಲ್ಲಿದ್ದವು. ಅರಣ್ಯ ಮಣ್ಣು ಮತ್ತು ಪೋಷಣೆಯ ಅಧ್ಯಯನಕ್ಕೇ ತಮ್ಮ ವೃತ್ತಿಜೀವನವನ್ನು ಮೀಸಲಿಟ್ಟ, ಆಸ್ಟ್ರೇಲಿಯಾದಲ್ಲಿ ನೆಲೆಸಿದ ಭಾರತ ಮೂಲದ ವಿಜ್ಞಾನಿ ಸದಾನಂದನ್ ನಂಬಿಯಾರ್ ಈ ಕಾರ್ಯದ ಮುಂಚೂಣಿಯಲ್ಲಿದ್ದರು. ಒಂದು ಭಾಗದಲ್ಲಿ ಕಟಾವಿನ ನಂತರದ ಎಲೆ, ತೊಗಟೆ, ರೆಂಬೆಗಳನ್ನು ಅಲ್ಲಿಯೇ ಬಿಡುವುದು, ಇನ್ನೊಂದರಲ್ಲಿ ಪೂರ್ತಿ ಗುಡಿಸಿ ತೆಗೆಯುವುದು, ಮುಂದಿನ ಬೆಳೆಯನ್ನು ಹೋಲಿಸಿ ನೋಡುವುದು ಪ್ರಯೋಗದ ಕ್ರಮ. ಮಧ್ಯ ಆಫ್ರಿಕಾದ ಕಾಂಗೋದ ಮರಳು ಮಣ್ಣಿನಲ್ಲಿ, ಎಲ್ಲವನ್ನೂ ಗುಡಿಸಿದ ಭಾಗದ ಬೆಳವಣಿಗೆ ಗಣನೀಯವಾಗಿ ಕುಸಿಯಿತು. ಫಲವತ್ತಾದ ನೆಲದಲ್ಲಿ ವ್ಯತ್ಯಾಸ ಅಷ್ಟಾಗಿ ಕಾಣಲಿಲ್ಲ. ಬಡ ಮಣ್ಣೇ ಮೊದಲು ಏಟು ತಿನ್ನುತ್ತದೆ ಎಂಬುದು ಇದರ ಸಾರ. ತೊಗಟೆಯನ್ನು ಕಡಿದ ಜಾಗದಲ್ಲಿಯೇ ಸುಲಿದು ಬಿಡುವುದು, ಸದೆಗೆ ಬೆಂಕಿ ಹಾಕದಿರುವುದು ಇಂದು ಅಗ್ಗದ ಮತ್ತು ಖಚಿತವಾದ ಉಪಾಯಗಳೆನಿಸಿವೆ.

ರೋಗ ಬರುವ ದಾರಿ

ಮಣ್ಣಿನ ಬಡತನ ಮತ್ತು ಮರದ ರೋಗಗಳ ನಂಟಿಗೆ ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹಬಾರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯ ಒಳ್ಳೆಯ ನಿದರ್ಶನ. ಅಲ್ಲಿ ದಶಕಗಳ ಆಮ್ಲಮಳೆಯಿಂದ ಮಣ್ಣಿನ ಕ್ಯಾಲ್ಸಿಯಂ ಕರಗಿಹೋಗಿತ್ತು, ಮೇಪಲ್ ಮರಗಳು ಸೊರಗುತ್ತಿದ್ದವು. 1999ರಲ್ಲಿ ಒಂದು ಇಡೀ ಜಲಾನಯನಕ್ಕೆ ಹೆಲಿಕಾಪ್ಟರ್ ಮೂಲಕ ಕ್ಯಾಲ್ಸಿಯಂಯುಕ್ತ ಖನಿಜದ ಪುಡಿ ಎರಚಲಾಯಿತು. ಮುಂದಿನ ವರ್ಷಗಳಲ್ಲಿ ಆ ಭಾಗದ ಮೇಪಲ್ ಮರಗಳ ನೆತ್ತಿ ಮತ್ತೆ ಹಸಿರಾಯಿತು. ಕೊರತೆ ನೀಗಿದಾಗ ಮರ ಚೇತರಿಸಿಕೊಂಡಿತು.

ಆದರೆ ಎಲ್ಲ ರೋಗಕ್ಕೂ ಮಣ್ಣನ್ನೇ ಹೊಣೆ ಮಾಡುವುದು ಸರಿಯಲ್ಲ ಎಂಬ ಪಾಠವನ್ನು ಕರ್ನಾಟಕದ ಶ್ರೀಗಂಧವೇ ಕಲಿಸಿದೆ. ಶಿವಮೊಗ್ಗದಲ್ಲಿ 1944ರಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾಗುವ ವೇಳೆಗೆ, ಶ್ರೀಗಂಧವನ್ನು ‘ಸ್ಪೈಕ್’ ರೋಗ ದಶಕಗಳಿಂದ ಕಾಡುತ್ತಿತ್ತು. 1899ರಲ್ಲಿ ಕೊಡಗಿನಲ್ಲಿ ಮೊದಲು ಗುರುತಿಸಲಾದ ಈ ರೋಗದಲ್ಲಿ ಎಲೆಗಳು ಚಿಕ್ಕದಾಗಿ, ಒತ್ತೊತ್ತಾಗಿ, ನಿಮಿರಿ ನಿಂತು ಮರ ಕೆಲವೇ ವರ್ಷಗಳಲ್ಲಿ ಸಾಯುತ್ತದೆ. ಶ್ರೀಗಂಧ ಪಕ್ಕದ ಗಿಡಗಳ ಬೇರಿನಿಂದ ಆಹಾರ ಪಡೆಯುವ ಅರೆ ಪರಾವಲಂಬಿ. ಹೀಗಾಗಿ ಪೋಷಣೆಯ ಏರುಪೇರೇ ರೋಗದ ಕಾರಣವೆಂದು ಡೆಹರಾಡೂನಿನ ಸಸ್ಯಶಾಸ್ತ್ರಜ್ಞ ಆರ್.ಎಸ್. ಹೋಲ್ ವಾದಿಸಿದರು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಡಾ. ಲೆಸ್ಲಿ ಕೋಲ್‌ಮನ್ 1917ರಲ್ಲಿ, ರೋಗಪೀಡಿತ ಮರದ ಕುಡಿಯನ್ನು ಆರೋಗ್ಯವಂತ ಮರಕ್ಕೆ ಕಸಿ ಮಾಡಿದರೆ ರೋಗ ದಾಟುತ್ತದೆಂದು ತೋರಿಸಿಕೊಟ್ಟರು. ಅಂದರೆ ಅದು ಸೋಂಕು. ರೋಗಾಣು ಬ್ಯಾಕ್ಟೀರಿಯಾವನ್ನು ಹೋಲುವ, ಇಂದು ಫೈಟೊಪ್ಲಾಸ್ಮ ಎನ್ನಲಾಗುವ ಸೂಕ್ಷ್ಮಜೀವಿ ಎಂಬುದು 1969ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತಿಳಿಯಿತು.

ಇದೇ ಕೋಲ್‌ಮನ್ 1908ರಲ್ಲಿ ಸಂಸ್ಥಾನದ ಸೇವೆಗೆ ಸೇರಿದ ಕೆಲವೇ ವರ್ಷಗಳಲ್ಲಿ ಮಲೆನಾಡಿನ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ ಅದರ ಮೂಲ ಫೈಟಾಫ್ತೊರ ಜಾತಿಯ ರೋಗಾಣು ಎಂದು ತೋರಿಸಿದ್ದರು. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೊ ದ್ರಾವಣದ ಸಿಂಪಡಣೆ ಮಲೆನಾಡಿನ ತೋಟಗಳಲ್ಲಿ ಬೇರೂರಿದ್ದು ಹಾಗೆ. ರೋಗ ಯಾವುದರಿಂದ ಬಂತು ಎಂದು ತಿಳಿಯದೆ ಮದ್ದು ಹುಡುಕಬಾರದೆಂಬ ಶಿಸ್ತಿಗೆ ಈ ಎರಡೂ ಅಧ್ಯಯನಗಳು ಮಾದರಿಯಾಗಿವೆ.

ನೆಡುತೋಪುಗಳ ರೋಗದಲ್ಲಿ ಇನ್ನೊಂದು ಅಂಶವಿದೆ. ಅದು ಏಕಜಾತಿ. ಪಶ್ಚಿಮಘಟ್ಟದ ಭಾರಿ ಮಳೆಯ ಪ್ರದೇಶದಲ್ಲಿ ಕಾಡು ಕಡಿದು ನೆಟ್ಟ ನೀಲಗಿರಿಗೆ ‘ಗುಲಾಬಿ ರೋಗ’ ಎಂಬ ಶಿಲೀಂಧ್ರ ತಗಲಿ ಅನೇಕ ಕಡೆ ತೋಪುಗಳು ವಿಫಲವಾದವು. ಕಾಂಡದ ಮೇಲೆ ಗುಲಾಬಿ ಬಣ್ಣದ ಪೊರೆ ಹರಡಿ ತೊಗಟೆ ಸತ್ತು ನೆತ್ತಿ ಒಣಗುವುದು ಇದರ ಲಕ್ಷಣ. ಒಣ ನಾಡಿನಲ್ಲಿ ಗಟ್ಟಿಯಾಗಿ ನಿಂತ ಮರವೇ ಮಲೆನಾಡಿನ ತೇವದಲ್ಲಿ ಸೋತಿತು. ಇಂಡೋನೇಷ್ಯಾದ ಸುಮಾತ್ರಾದಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ಅಲ್ಲಿ ವಿಶಾಲವಾಗಿ ಹರಡಿದ್ದ ಅಕೇಶಿಯಾ ಮ್ಯಾಂಜಿಯಂ ತೋಪುಗಳು ಬೇರುಕೊಳೆ ಮತ್ತು ‘ಸೆರಟೊಸಿಸ್ಟಿಸ್’ ಎಂಬ ಶಿಲೀಂಧ್ರದ ಹೊಡೆತಕ್ಕೆ ಸಿಕ್ಕಿದವು. ಕಂಪನಿಗಳು ಅಕೇಶಿಯಾ ಬಿಟ್ಟು ನೀಲಗಿರಿ ಜಾತಿಗೆ ಮೊರೆಹೋದವು. ಒಂದೇ ಜಾತಿಯನ್ನು, ಒಂದೇ ವಯಸ್ಸಿನಲ್ಲಿ, ಸಾವಿರಾರು ಹೆಕ್ಟೇರ್‌ಗಳಲ್ಲಿ, ಕಟಾವಿನ ಮೇಲೆ ಕಟಾವು ಬೆಳೆದರೆ ರೋಗಾಣು ಮಣ್ಣಿನಲ್ಲಿ ಮತ್ತು ಹಳೆಯ ಬುಡಗಳಲ್ಲಿ ನೆಲೆಯೂರುತ್ತದೆ ಎಂಬುದಕ್ಕೆ ಇದು ಎಚ್ಚರಿಕೆ.

ಅಕೇಶಿಯಾ: ಗುಣವೆಷ್ಟು, ದೋಷವೆಷ್ಟು

ಶಿವಮೊಗ್ಗ ಜಿಲ್ಲೆಯಲ್ಲಿ ಹೆಚ್ಚಾಗಿ ಕಾಣುವುದು ಅಕೇಶಿಯಾ ಆರಿಕ್ಯುಲಿಫಾರ್ಮಿಸ್. ಆಸ್ಟ್ರೇಲಿಯಾ, ಪಪುವಾ ನ್ಯೂಗಿನಿ, ಇಂಡೋನೇಷ್ಯಾ ಇದರ ತವರು. ನಾವು ಎಲೆ ಎನ್ನುವುದು ಸಸ್ಯಶಾಸ್ತ್ರದ ಪ್ರಕಾರ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ದಪ್ಪನಾದ ಈ ತೊಟ್ಟು ಬೇಗ ಕೊಳೆಯುವುದಿಲ್ಲ. ಬೇಸಿಗೆಯಲ್ಲಿ ತೋಪಿನ ನೆಲದ ಮೇಲೆ ಒಣಗಿ ರಾಶಿಯಾಗುವ ಇದಕ್ಕೆ ಬೆಂಕಿ ತಗಲಿದರೆ ಸುಲಭವಾಗಿ ಹರಡುತ್ತದೆ.

ಗುಣವೂ ಇದೆ. ಇದರ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ತರುತ್ತವೆ. ಬೋಳಾದ ಜಂಬಿಟ್ಟಿಗೆ ಗುಡ್ಡದಲ್ಲೂ ಇದು ಹಸಿರು ಹಿಡಿಸುತ್ತದೆ. ಗಣಿಗಾರಿಕೆಯಿಂದ ಕೆಟ್ಟ ನೆಲದಲ್ಲಿ ಇದನ್ನು ನೆಡುವುದು ಆ ಕಾರಣಕ್ಕೆ. ಆದರೆ ಸಾರಜನಕವೊಂದೇ ಸಾಲದು. ರಂಜಕ, ಸುಣ್ಣ, ಪೊಟ್ಯಾಷ್‌ಗಳನ್ನು ಗಾಳಿಯಿಂದ ತರಲು ಸಾಧ್ಯವಿಲ್ಲ. ಅವು ದಿಮ್ಮಿಯೊಂದಿಗೆ ಹೋದರೆ ಹೋದವೇ. ಸಾರಜನಕ ಹೆಚ್ಚಿದಂತೆ ಮಣ್ಣಿನ ಹುಳಿ ಏರುವ ಸಾಧ್ಯತೆಯೂ ಉಂಟು. ಹೀಗೆ ಬೋಳುಗುಡ್ಡಕ್ಕೆ ಮದ್ದಾಗಬಲ್ಲ ಮರವೇ, ಒಳ್ಳೆಯ ಕಾಡಿನ ಮಣ್ಣಿನಲ್ಲಿ ಅಲ್ಪಾವಧಿಯ ಬೆಳೆಯಾಗಿ ಪದೇ ಪದೇ ಬಂದಾಗ ಹೊರೆಯಾಗುತ್ತದೆ.

ಮಣ್ಣು ಅಗೆದು ನೋಡುವ ಕೆಲಸ

ಅರಣ್ಯ ಮಣ್ಣಿನ ಪ್ರಾಧ್ಯಾಪಕರ ದಿನಚರಿಯಲ್ಲಿ ಆಡಂಬರವಿಲ್ಲ. ತೋಪಿನಲ್ಲಿ ಆಳುದ್ದದ ಗುಂಡಿ ತೆಗೆದು ಪದರಗಳ ಬಣ್ಣ, ಬೇರಿನ ಹರಡಿಕೆ ಗುರುತಿಸಬೇಕು. ಬೇರೆ ಬೇರೆ ಆಳದ ಮಣ್ಣನ್ನು ಚೀಲಕ್ಕೆ ತುಂಬಿ ತಂದು ಹುಳಿ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಅಳೆಯಬೇಕು. ಮರದ ಕೆಳಗೆ ಬಲೆಯ ತಟ್ಟೆ ಇಟ್ಟು ತಿಂಗಳಿಗೆ ಬೀಳುವ ಎಲೆಯನ್ನು ತೂಗಬೇಕು. ತರಗೆಲೆಯನ್ನು ಜಾಳಿಗೆ ಚೀಲದಲ್ಲಿ ಕಟ್ಟಿ ನೆಲದ ಮೇಲಿಟ್ಟು ಎಷ್ಟು ದಿನದಲ್ಲಿ ಕೊಳೆಯುತ್ತದೆಂದು ನೋಡಬೇಕು. ಹಸಿರು ಎಲೆಯನ್ನು ವಿಶ್ಲೇಷಿಸಿ ಮರ ಯಾವುದರ ಕೊರತೆಯಲ್ಲಿದೆಯೆಂದು ತಿಳಿಯಬೇಕು. ಒಂದು ವರ್ಷದ ಅಂಕಿ ಏನನ್ನೂ ಹೇಳುವುದಿಲ್ಲ. ಅದೇ ಜಾಗದಲ್ಲಿ ಒಂದೆರಡು ಕಟಾವು ದಾಟುವವರೆಗೆ ಅಳೆದರೆ ಮಾತ್ರ ಮಣ್ಣು ಏಳುತ್ತಿದೆಯೋ ಬೀಳುತ್ತಿದೆಯೋ ತಿಳಿಯುತ್ತದೆ. ಒಬ್ಬ ಪ್ರಾಧ್ಯಾಪಕರ ಇಡೀ ವೃತ್ತಿಜೀವನ ಒಂದೆರಡು ಪ್ರಶ್ನೆಗಳಿಗೇ ಸವೆದುಹೋಗುವುದು ಹೀಗೆ.

ಇದಕ್ಕೆ ಬೇಕಾದ ವಿದ್ಯಾಸಂಸ್ಥೆಗಳು ದೂರವಿಲ್ಲ. 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯ ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, ಭದ್ರಾ ಅಭಯಾರಣ್ಯದ ಅಂಚಿನಲ್ಲಿಯೇ ಇದೆ. ಕೊಡಗಿನ ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯವಿದೆ. ಶಿರಸಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯವಿದೆ.

ಮುಂದೇನು?

ಎಂಪಿಎಂ ನೆಡುತೋಪುಗಳ ಭೂಮಿಯ ಒಡೆತನ ಮತ್ತು ಬಳಕೆಯನ್ನು ನಿರ್ಧರಿಸುವುದು ಸರ್ಕಾರ ಮತ್ತು ನ್ಯಾಯಾಲಯಗಳ ಕೆಲಸ. ಆದರೆ ನಿರ್ಧಾರ ಏನೇ ಬರಲಿ, ಮಣ್ಣಿನ ದೃಷ್ಟಿಯಿಂದ ಕೆಲವು ಮಾತುಗಳು ಸ್ಪಷ್ಟ.

ಮೊದಲನೆಯದು, ಎಲ್ಲ ತೋಪನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆಗುಂಬೆ ಕಡೆಯ ಮಳೆಕಾಡಿನ ಮಣ್ಣು ಬೇರೆ, ಭದ್ರಾವತಿ ಕಡೆಯ ಎಲೆ ಉದುರುವ ಕಾಡಿನ ಮಣ್ಣು ಬೇರೆ. ಪುರದಾಳು ಮತ್ತು ಹೊಸಕೋಟೆಗಳ ವ್ಯತ್ಯಾಸ ಈ ಮಾತಿಗೆ ಆಧಾರ.

ಎರಡನೆಯದು, ಅಕೇಶಿಯಾ ಬೇಡವೆಂದು ಒಮ್ಮೆ ತೀರ್ಮಾನವಾದರೂ, ಯಂತ್ರ ತಂದು ಇಳಿಜಾರಿನ ಬುಡಗಳನ್ನು ಒಮ್ಮೆಗೇ ಕಿತ್ತರೆ ಮೊದಲ ಮಳೆಗೇ ಮೇಲ್ಮಣ್ಣು ಭದ್ರಾ, ತುಂಗಾ, ಶರಾವತಿಗಳ ಪಾಲಾದೀತು. ಅಕೇಶಿಯಾದ ಗಟ್ಟಿ ಸಿಪ್ಪೆಯ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೆಂಕಿಯ ನಂತರ ಒತ್ತಾಗಿ ಮೊಳೆಯುತ್ತದೆ. ಆದ್ದರಿಂದ ಕಡಿದು ಸುಡುವುದು ಪರಿಹಾರವಲ್ಲ. ಹಂತಹಂತವಾಗಿ ತೆರವು ಮಾಡಿ, ಸೊಪ್ಪುಸದೆಗಳನ್ನು ನೆಲದ ಮೇಲೆಯೇ ಬಿಟ್ಟು, ನೆರಳಿನಲ್ಲಿ ತಾನಾಗಿ ಎದ್ದ ಸ್ಥಳೀಯ ಸಸಿಗಳನ್ನು ಉಳಿಸಿಕೊಳ್ಳುವುದು ಮಣ್ಣಿಗೆ ಹಿತ. ಹತ್ತಿರದಲ್ಲಿ ಕಾಡಿದ್ದರೆ ಹಕ್ಕಿ, ಬಾವಲಿಗಳು ಬೀಜ ತರುವುದರಿಂದ ಈ ಕೆಲಸ ಸುಲಭ.

ಮೂರನೆಯದು, ತೋಪು ಉಳಿಯುವ ಕಡೆ ತೊಗಟೆ ಮತ್ತು ಎಲೆ ನೆಲಕ್ಕೇ ಮರಳಬೇಕು, ಕಟಾವಿನ ಅವಧಿ ಹೆಚ್ಚಬೇಕು, ಜಾತಿಗಳು ಬೆರೆಯಬೇಕು. ಯಾವ ದಾರಿ ಹಿಡಿದರೂ ಆರಂಭದಲ್ಲಿಯೇ ಮಣ್ಣಿನ ಪರೀಕ್ಷೆ ನಡೆಸಿ, ಅದೇ ಜಾಗಗಳಲ್ಲಿ ಐದು ವರ್ಷಕ್ಕೊಮ್ಮೆ ಮರುಪರೀಕ್ಷೆ ನಡೆಸುವ ವ್ಯವಸ್ಥೆ ಇರಬೇಕು. ರೈತನ ಕೈಗೆ ಮಣ್ಣಿನ ಆರೋಗ್ಯ ಚೀಟಿ ಕೊಡುವ ಕಾಲದಲ್ಲಿ, ಇಷ್ಟು ದೊಡ್ಡ ಸಾರ್ವಜನಿಕ ಭೂಮಿಗೆ ಅಂಥದ್ದೊಂದು ಚೀಟಿ ಬೇಡವೆನ್ನಲು ಕಾರಣವಿಲ್ಲ.

ಭದ್ರಾವತಿಯ ಕುಲುಮೆಗೂ ಕಾಗದ ಯಂತ್ರಕ್ಕೂ ಶತಮಾನ ಕಾಲ ಮರ ಕೊಟ್ಟದ್ದು ಈ ನೆಲ. ಎಷ್ಟು ಟನ್ ಕಬ್ಬಿಣ ಬಂತು, ಎಷ್ಟು ಟನ್ ಕಾಗದ ಬಂತು ಎಂಬ ಲೆಕ್ಕ ಕಾರ್ಖಾನೆಗಳ ಕಡತಗಳಲ್ಲಿದೆ. ನೆಲದಿಂದ ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕವನ್ನು ಇನ್ನಾದರೂ ತೆಗೆದರೆ, ಮುಂದಿನ ನಲವತ್ತು ವರ್ಷಗಳ ನಿರ್ಧಾರಕ್ಕೆ ಅದೇ ಗಟ್ಟಿಯಾದ ಆಧಾರವಾಗುತ್ತದೆ.